ಚಂದಯ್ಯ ಶೆಟ್ಟರು ಬಾಯಿ ಬಿಡದ ದಿನ

ಕುಂದಾಪುರದ ಹೊಳೆದಂಡೆಯಲ್ಲಿದ್ದ ಹಂಚಿನ ಕಾರ್ಖಾನೆಗೆ ಚಂದಯ್ಯ ಶೆಟ್ಟರು ಮ್ಯಾನೇಜರು. ೧೯೫೮ರಲ್ಲಿ ಧಣಿಗಳು ಕರೆದು, "ಶೆಟ್ರೆ, ನಿಮ್ಮ್ ನಂತ್ರಕ್ಕೊಬ್ಬನ್ನ ತಯಾರ್ ಮಾಡಿ" ಎಂದರು. ಶೆಟ್ಟರು ಯಡ್ತರೆಯ ಶೇಖರನನ್ನು ಆರಿಸಿಕೊಂಡರು. ಮೀನುಗಾರರ ಮನೆಯವ, ಮೂವತ್ತರ ಚುರುಕು ಆಳು.

ಮಣ್ಣು ಹದ ಮಾಡುವುದು, ಆಳುಗಳನ್ನು ನಿಭಾಯಿಸುವುದು ಎಲ್ಲ ಕಲಿಸಿದರು. ಬೆಂಕಿಯ ಬಣ್ಣ ನೋಡಿ, ಹಂಚು ಸುಡುವ ಭಟ್ಟಿಗೆ ಸೌದೆ ಹಾಕುವುದನ್ನು ನಿಲ್ಲಿಸುವ ತೀರ್ಮಾನ ಮಾತ್ರ ತಮ್ಮದೇ ಎಂದು ಇಟ್ಟುಕೊಂಡರು. ಒಮ್ಮೆ ಅವರಿಲ್ಲದಾಗ ಶೇಖರನೇ ಸೌದೆ ನಿಲ್ಲಿಸಿದ. ಒಂದು ಹಂಚೂ ಬಿರಿಯಲಿಲ್ಲ. ಧಣಿಗಳು ಅವನ ಬೆನ್ನು ತಟ್ಟಿದ್ದು ಶೆಟ್ಟರಿಗೆ ಚುಚ್ಚಿತು. ಮರುದಿನ ಆಳುಗಳೆದುರೇ, "ನನ್ನ್ ಕೇಣ್ದೆ ಭಟ್ಟಿ ಮುಟ್ಟುಕೆ ನೀನ್ ಯಾರ್?" ಎಂದು ಗದರಿದರು.

ಎರಡು ವರ್ಷದ ಮೇಲೆ ಶೆಟ್ಟರು ಮಗಳು ಹರಿಣಾಕ್ಷಿಯ ಸೀಮಂತಕ್ಕೆ ಸಾಸ್ತಾನಕ್ಕೆ ಹೋಗಿದ್ದರು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಕಾರ್ಖಾನೆಯ ಸೂರ ಸೈಕಲ್ಲಿನಲ್ಲಿ ಬೆವರಿಳಿಸುತ್ತ ಬಂದ.

"ಬೆಂಕಿ ಬಿಳಿ ಆಯ್ತ್ ಶೆಟ್ರೆ. ಸೌದಿ ನಿಲ್ಸುದಾ ಅಂದ್ ಶೇಖರಣ್ಣ ಕೇಂಬುಕೆ ಕಳ್ಸಿರ್."

ಶೆಟ್ಟರು ಉಣ್ಣದೆ ಬಸ್ಸು ಹತ್ತಿದರು. ಬಂದು ನೋಡಿದರೆ ಕಾವು ಮೀರಿ ಭಟ್ಟಿಯ ಹಂಚೆಲ್ಲ ಒಂದಕ್ಕೊಂದು ಅಂಟಿ ಕಲ್ಲಾಗಿತ್ತು.

"ಗೊತ್ತಿದ್ದೂ ಎಂತಕ್ಕೆ ನಿಲ್ಸಲಿಲ್ಲೆ?" ಧಣಿಗಳು ಕೇಳಿದರು. ಶೇಖರ, ಶೆಟ್ಟರ ಮುಖ ನೋಡಿದ. ಶೆಟ್ಟರು ನೆಲ ನೋಡಿದರು. ಅವನ ಕೆಲಸ ಅಂದೇ ಹೋಯಿತು.

ಆಮೇಲೆ ಶೆಟ್ಟರಿಗೆ ಊಟ ಸೇರದಾಯಿತು. ಹೆಂಡತಿ ಗಿರಿಜಾ ಕೇಳಿದರೆ ಪಿತ್ತ ಎನ್ನುತ್ತಿದ್ದರು. ಶೇಖರನ ಜಾಗಕ್ಕೆ ಬಂದ ಸೋಮನಿಗೆ ಭಟ್ಟಿಯನ್ನು ಪೂರ್ತಿ ಬಿಟ್ಟುಕೊಟ್ಟರು. ಅವನು ಎಡವಿದಾಗೆಲ್ಲ ಧಣಿಗಳೆದುರು, "ತಪ್ಪ್ ನಂದ್" ಎಂದರು. ಹಾಗೆನ್ನುವುದು ಇಷ್ಟು ಸುಲಭವಿತ್ತಲ್ಲ ಎಂಬುದೇ ಅವರನ್ನು ಹೆಚ್ಚು ಸುಟ್ಟಿತು.

೧೯೭೧ರಲ್ಲಿ, ಕೆಲಸ ಬಿಡುವ ಮೊದಲು, ಯಡ್ತರೆಗೆ ಹೋದರು. ಶೇಖರ ಅಂಗಳದಲ್ಲಿ ಒಣಮೀನಿನ ಮೂಟೆ ಕಟ್ಟಿಸುತ್ತಿದ್ದ. ಕುರ್ಚಿ ಹಾಕಿಸಿದ, ಎಳನೀರಿನ ಬೊಂಡ ಕೆತ್ತಿಕೊಟ್ಟ.

"ಅಂದ್ ನಾನ್ ಬಾಯಿ ಬಿಡ್ಕಿತ್ತ್ ಶೇಖರ. ಬಿಡ್ಲಿಲ್ಲೆ."

"ಹೌದ್," ಎಂದ ಶೇಖರ. "ಇದನ್ನ್ ಧಣಿಗಳ್ ಎದ್ರ್ ಹೇಳ್ಕಿತ್ತ್ ಶೆಟ್ರೆ. ಈಗ್ ಅವ್ರೂ ಇಲ್ಲೆ."

ಶೆಟ್ಟರು ಬೊಂಡವನ್ನು ಕೆಳಗಿಟ್ಟು ಎದ್ದರು.

ಮರುದಿನ ಅವರು ಧಣಿಗಳ ಮಗನನ್ನೂ ಆಳುಗಳನ್ನೂ ಭಟ್ಟಿಯ ಮುಂದೆ ಸೇರಿಸಿ, ನಡೆದದ್ದನ್ನೆಲ್ಲ ನಿಂತು ಹೇಳಿದರು. ಅರ್ಧ ಜನಕ್ಕೆ ಶೇಖರನೆಂದರೆ ಯಾರೆಂದೇ ಗೊತ್ತಿರಲಿಲ್ಲ.