ಕುಂದರ್ರಿ

ಕೋವಿಡ್ ಕಳೆದ ಮೇಲೆ ಅಮೆರಿಕದ ಕರ್ನಿ ಮೆಸಾದ ಹಾಲ್‌ನಲ್ಲಿ ನಮ್ಮ ಕನ್ನಡ ಸಂಘಕ್ಕೆ ತಿಂಗಳಿಗೊಂದು ಸಿನಿಮಾ ತೋರಿಸುತ್ತಿದ್ದ ಹುಬ್ಬಳ್ಳಿಯ ಅಂಕಲ್, ಬಂದವರಿಗೆಲ್ಲ ಕುರ್ಚಿಯತ್ತ ಅಂಗೈ ಚಾಚಿ “ಕುಂದರ್ರಿ” ಎನ್ನುತ್ತಿದ್ದರು. ಹಾಲ್ ಗುಡಿಸಿ ಬಾಗಿಲಲ್ಲಿ ನಿಲ್ಲುತ್ತಿದ್ದ ಇಬ್ಬರು ಮೆಕ್ಸಿಕನ್ ಹೆಂಗಸರಿಗೂ ಹಾಗೆಯೇ. ಅವರು ಮಾತ್ರ ಕಮಿಟಿಯವರಾದ ನಮ್ಮತ್ತ ನೋಡಿ ನಿಂತೇ ಇರುತ್ತಿದ್ದರು.

ಅಂದು ಬ್ರಿಟಿಷ್ ಹಾಸ್ಯಚಿತ್ರ. ಆಫೀಸಿಗೆ ಬೆಂಕಿ ಬಿದ್ದರೂ ಗುಮಾಸ್ತರ ಮೆಟ್ಟಿಲಲ್ಲಿ ಇಳಿಯಲು ಒಪ್ಪದೆ ಸಾಹೇಬರು ಸುಟ್ಟುಹೋಗುತ್ತಾರೆ. ನಮಗೆಂದೇ ಇಟ್ಟ ಸೋಫಾದಲ್ಲಿ ನಾವು ಬಿದ್ದು ಬಿದ್ದು ನಕ್ಕೆವು. ಅಂಕಲ್ ಸಿನಿಮಾ ನಿಲ್ಲಿಸಿ ಲೈಟ್ ಹಾಕಿದರು.

“ಭಾಳ ಚಲೋ ನಕ್ರಿ. ಈಗ ಏಳ್ರಿ.”

“ಅಂಕಲ್, ಸಿನಿಮಾ ಮುಗೀಲಿ,” ಎಂದೆ.

“ನೀವು ಏಳೂತನಕ ಮುಗಿಯಂಗಿಲ್ಲ.”

ಎದ್ದೆವು. ಅಂಕಲ್ ಬಾಗಿಲಲ್ಲಿದ್ದ ಹೆಂಗಸರನ್ನು ನೋಡಿ, ಖಾಲಿಯಾದ ಸೋಫಾದತ್ತ ಅಂಗೈ ಚಾಚಿದರು. ಅವರಲ್ಲಿ ಹಿರಿಯರಾದವರು ಸೋಫಾದವರೆಗೆ ಬಂದು, ನಮ್ಮನ್ನು ನೋಡಿ, ತಮ್ಮತ್ತಲೇ ಬೆರಳು ತೋರಿಸಿಕೊಂಡು ಕನ್ನಡದಲ್ಲೇ ಕೇಳಿದರು: “ಕುಂದರ್ರಿ?”