ಟಚಪ್ ಮಾಮನ ಕೈ

ನಮ್ಮ ಅಕ್ಕನ ಗಂಡ ಫೋಟೊ ಸ್ಟುಡಿಯೊ ಇಟ್ಟವರು. ಫೋಟೊ ತೆಗೆಯುವುದಕ್ಕಿಂತ, ತೆಗೆದ ಮುಖವನ್ನು ತಿದ್ದುವುದರಲ್ಲಿ ಎತ್ತಿದ ಕೈ. ಅದಕ್ಕೇ ಬೀದಿಯವರೆಲ್ಲ ಅವರನ್ನು ಕರೆಯುವುದು ‘ಟಚಪ್ ಮಾಮ’ ಎಂದು. ಸ್ಟುಡಿಯೊದ ಕೌಂಟರಿನಲ್ಲಿ ಕೂರುವವಳು ನಾನು, ಹಾಗಾಗಿ ಭಾವನ ಪ್ರತಾಪವನ್ನೆಲ್ಲ ಕಣ್ಣಾರೆ ಕಂಡಿದ್ದೇನೆ. ಮೌಸ್ ಹಿಡಿದು ಕೂತರೆಂದರೆ ಮಚ್ಚೆ, ಸುಕ್ಕು, ಕಣ್ಣಿನ ಕೆಳಗಿನ ಕಪ್ಪು ಯಾವುದೂ ಉಳಿಯುತ್ತಿರಲಿಲ್ಲ. ಒಬ್ಬ ಬಸ್ ಡ್ರೈವರ್ ತನ್ನ ಫೋಟೊ ನೋಡಿ, “ಸ್ವಾಮೀ, ಮನೇಲಿ ಹೆಂಡ್ತಿ ಗುರುತು ಹಿಡೀಬೇಕಲ್ಲ, ನನ್ನ ಮುಖಾನೂ ಸ್ವಲ್ಪ ಉಳಿಸಿ” ಎಂದು ಕೈ ಮುಗಿದಿದ್ದ.

ಯಾರ ಜೊತೆ ಮಾತಾಡುತ್ತಿದ್ದರೂ ಭಾವನ ಕಣ್ಣು ಅವರ ಮುಖದ ಕಲೆಯ ಮೇಲೇ. ಹೈಸ್ಕೂಲಿಗೆ ಹೋಗುತ್ತಿದ್ದ ಮಗಳಿಗೆ ಮೊಡವೆ ಏಳತೊಡಗಿದಾಗ ಆ ಕಣ್ಣು ಸುಮ್ಮನಿರುತ್ತದೆಯೇ? ಮೊದಲು ಹಣೆಯ ಮೇಲೆ ಸಾಸಿವೆ ಕಾಳಿನಷ್ಟು. ಆಮೇಲೆ ಕೆನ್ನೆಯಲ್ಲಿ ಕೆಂಪಗೆ, ಮುಟ್ಟಿದರೆ ನೋಯುವ ಗಂಟುಗಳು. “ಬಾ ಇಲ್ಲಿ, ಟಚಪ್ ಮಾಡ್ತೀನಿ” ಎಂದು ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಎರಡು ಹೆಬ್ಬೆರಳಿನ ಉಗುರುಗಳ ನಡುವೆ ಹಿಚುಕುತ್ತಿದ್ದರು. ಕೀವು ಹೊರಬಂದರೆ, “ನೋಡು, ಹೋಯ್ತು!” ಎಂದು ಗೆದ್ದವರಂತೆ ನಗುತ್ತಿದ್ದರು. ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ಕುರ್ಚಿಯ ಅಂಚು ಬಿಗಿ ಹಿಡಿದಿರುತ್ತಿದ್ದಳು.

ನಾನೂ ಅಕ್ಕನೂ ಬಾಯಿ ಬಡಿದುಕೊಂಡೆವು. “ಭಾವಾ, ಅದು ಫೋಟೊ ಅಲ್ಲ, ಮಗು ಮುಖ. ಡಾಕ್ಟರ ಹತ್ರ ಕರ್ಕೊಂಡು ಹೋಗಿ.”

“ಮೊಡವೆಗೆಲ್ಲ ಡಾಕ್ಟರ್ ಯಾಕಮ್ಮಾ? ವಯಸ್ಸಲ್ಲಿ ಬರುತ್ತೆ, ಹೋಗುತ್ತೆ. ನನ್ನ ಕೈ ಮೇಲೆ ನಿಂಗೆ ನಂಬಿಕೆ ಇಲ್ವಾ?”

ದೇವರೇ! ಆ ಹಟಕ್ಕೆ ಏನು ಹೇಳುವುದು.

ಮೊಡವೆಗಳೇನೋ ಹೋದವು, ನಿಜ. ಹೋಗುವಾಗ ಎರಡೂ ಕೆನ್ನೆಯಲ್ಲಿ ಗುಂಡಿ ತೋಡಿಟ್ಟು ಹೋದವು. ಹುಡುಗಿ ಕಾಲೇಜು ಸೇರಿದ ವರ್ಷ ನಾನೇ ಜಗಳ ತೆಗೆದು ಅಪ್ಪ ಮಗಳಿಬ್ಬರನ್ನೂ ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಡಾಕ್ಟರಮ್ಮ ಸಮಾಧಾನವಾಗಿ ಬಿಡಿಸಿ ಹೇಳಿದರು. “ಈ ವಯಸ್ಸಲ್ಲಿ ಚರ್ಮದಲ್ಲಿ ಜಿಡ್ಡು ಜಾಸ್ತಿ ಆಗುತ್ತೆ. ಕೂದಲು ಹುಟ್ಟೋ ಸಣ್ಣ ತೂತಲ್ಲಿ ಆ ಜಿಡ್ಡು, ಸತ್ತ ಚರ್ಮ ಎಲ್ಲಾ ಸೇರಿ ಕಟ್ಕೊಳ್ಳುತ್ತೆ. ಒಳಗೆ ಬ್ಯಾಕ್ಟೀರಿಯಾ ಬೆಳೆದು ಊದ್ಕೊಳ್ಳುತ್ತೆ. ಹಿಚುಕಿದಾಗ ಮೇಲೆ ಬಂದಿದ್ದಷ್ಟೇ ನಿಮಗೆ ಕಾಣೋದು. ಉಳಿದಿದ್ದು ಒಳಗೇ ಒಡೆದು ಸುತ್ತ ಹರಡುತ್ತೆ. ಅಲ್ಲಿನ ಚರ್ಮ ಹಾಳಾಗಿ, ಮಾಯುವಾಗ ಪೂರ್ತಿ ತುಂಬ್ಕೊಳ್ಳಲ್ಲ. ಅದೇ ಈ ಗುಂಡಿ.”

ಭಾವ ತಲೆ ತಗ್ಗಿಸಿ, “ನಾನು ಹಿಚುಕದೇ ಇದ್ದಿದ್ರೆ?” ಎಂದು ಕೇಳಿದರು.

“ಇವಳದ್ದು ಆಳದ ಮೊಡವೆ. ಮುಟ್ಟದಿದ್ರೂ ಒಂದಷ್ಟು ಕಲೆ ಉಳೀತಿತ್ತೇನೋ. ಆಗಲೇ ಬಂದಿದ್ರೆ ಇಷ್ಟಂತೂ ಆಗ್ತಿರಲಿಲ್ಲ. ಈಗಲೂ ಚಿಕಿತ್ಸೆ ಇದೆ, ಕಮ್ಮಿ ಮಾಡಬಹುದು. ಪೂರ್ತಿ ಅಳಿಸೋಕಾಗಲ್ಲ.”

ಅಳಿಸೋಕಾಗಲ್ಲ ಎಂಬ ಮಾತನ್ನು ಭಾವ ಜೀವಮಾನದಲ್ಲಿ ಯಾವ ಗಿರಾಕಿಗೂ ಹೇಳಿದವರಲ್ಲ. ಅಂದಿನಿಂದ ಮಂಕಾಗಿಬಿಟ್ಟರು. ಮಗಳಿಗೆ ಮುಖ ಕೊಟ್ಟು ಮಾತಾಡಲಾರರು, ಊಟಕ್ಕೆ ಕೂತರೆ ತಟ್ಟೆ ನೋಡಿಕೊಂಡೇ ಏಳುವರು. ಅವಳೋ, ಅಪ್ಪನ ಕ್ಯಾಮೆರಾ ಕಂಡರೆ ಸರಕ್ಕನೆ ಒಳಗೆ ಹೋಗುವಳು. ಸ್ಟುಡಿಯೊದ ಗೋಡೆ ತುಂಬ ಕಂಡವರ ಮಕ್ಕಳು. ಸ್ವಂತ ಮಗಳದ್ದು ಒಂದೂ ಫೋಟೊ ಇಲ್ಲ. ನನ್ನ ಬಾಯಿ ಎಂಥದೆಂದು ಎಲ್ಲರಿಗೂ ಗೊತ್ತು, ಆದರೂ ಅವರನ್ನು ಬೈಯಲು ಮನಸ್ಸು ಬರುತ್ತಿರಲಿಲ್ಲ. ಅಯ್ಯೋ ಪಾಪ ಎನಿಸುತ್ತಿತ್ತು.

ಮೊನ್ನೆ ಅವಳಿಗೆ ಕೆಲಸ ಸಿಕ್ಕಿತು. ಗುರುತಿನ ಚೀಟಿಗೆ ಫೋಟೊ ಬೇಕೆಂದು ತಾನಾಗಿಯೇ ಬಂದು ಸ್ಟೂಲಿನ ಮೇಲೆ ಕೂತಳು. ಭಾವ ಫೋಟೊ ತೆಗೆದರು. ಕಂಪ್ಯೂಟರಿನಲ್ಲಿ ಅವಳ ಮುಖ ದೊಡ್ಡದಾಗಿ ಮೂಡಿದ್ದೇ ತಡ, ಮೌಸ್ ಎಡಗೆನ್ನೆಗೆ ಹೋಯಿತು. ಒಂದು ಗುಂಡಿ ಮಾಯ. ಇನ್ನೊಂದೂ ಮಾಯ.

ಮಗಳು ಹಿಂದೆ ಬಂದು ನಿಂತಳು. “ಬೇಡಪ್ಪಾ. ಇರೋ ಹಾಗೇ ಇರಲಿ.”

“ಇಷ್ಟಾದ್ರೂ ಮಾಡ್ತೀನಿ ಕಣಮ್ಮಾ. ಇಲ್ಲಾದ್ರೂ ಹೋಗ್ಲಿ.” ಭಾವ ಮೌಸ್ ಬಿಡಲಿಲ್ಲ.

ಅವಳು ನಾಲ್ಕು ಮಾತು ಬೈದಿದ್ದರೆ ಅವರು ಬದುಕಿಕೊಳ್ಳುತ್ತಿದ್ದರು. ಬೈಯಲಿಲ್ಲ. ಅಪ್ಪನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದಳು: “ಅವತ್ತೇ ಬೇಡ ಅನ್ನಬೇಕಿತ್ತು ನಾನು. ಅಪ್ಪನ ಕೈ ಅಲ್ವಾ ಅಂತ ಸುಮ್ನೆ ಕೂತಿದ್ದೆ.”

ಭಾವ ಪರದೆಯತ್ತ ತಿರುಗಿದರು. ಅಳಿಸಿದ್ದ ಎರಡು ಗುಂಡಿಗಳನ್ನೂ ತಮ್ಮ ಕೈಯಾರೆ ಮತ್ತೆ ಅವಳ ಕೆನ್ನೆಗೆ ತಂದರು.