ನಾಲ್ಕನೇ ಬಾಟಲಿಯ ಅರಗು

ಚೈತ್ರದ ಬಿಸಿಲು ಏರುವ ಮೊದಲೇ ಹುಲಗೂರಿನ ಬಂದೇಸಾಬರ ಶೆಡ್ಡಿನಲ್ಲಿ ಶರಬತ್ತಿನ ಬಾಟಲಿಗಳು ತುಂಬುತ್ತಿವೆ. ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತ ಉಳಿವೆಪ್ಪ ಮೇಣದ ಬತ್ತಿಯ ಉರಿಗೆ ಅರಗಿನ ಕಡ್ಡಿ ಹಿಡಿದಿದ್ದಾರೆ. ಕೆಂಪು ಹನಿ ದಾರದ ಗಂಟಿನ ಮೇಲೆ ಬಿದ್ದು ಅಗಲವಾಗುತ್ತದೆ. ಆರುವ ಮುನ್ನ ಹಿತ್ತಾಳೆಯ ಮುದ್ರೆ ಒತ್ತುತ್ತಾರೆ. ಒಂದು ಬಾಟಲಿ ಆಯಿತು. ಇನ್ನು ಮೂರಿವೆ.

ಹಿರೇಬೆಂಡಿಗೇರಿಯ ಉಳಿವೆಪ್ಪನವರಿಗೆ ಐವತ್ತಾರು. ಆಹಾರ ಸುರಕ್ಷತೆ ಕಚೇರಿಯ ದಿನಗೂಲಿ ಸಹಾಯಕರಾಗಿ ಹತ್ತೊಂಬತ್ತು ವರ್ಷದಿಂದ ಶಿಗ್ಗಾಂವ, ಸವಣೂರು, ಹಾನಗಲ್ಲ, ಹಿರೇಕೆರೂರು ಸುತ್ತುತ್ತಿದ್ದಾರೆ. ಬೇಸಿಗೆಯಲ್ಲಿ ತಿಂಗಳಿಗೆ ಹದಿನೈದಿಪ್ಪತ್ತು ಮಾದರಿ. ಒಂದೊಂದಕ್ಕೂ ನಾಲ್ಕು ಭಾಗ, ನಾಲ್ಕಕ್ಕೂ ಅರಗು. ಪಾನೀಯಕ್ಕೆ ಹಾಕಿದ ಬಣ್ಣ, ಕೆಡದಂತೆ ಬೆರೆಸಿದ ಪುಡಿ ಸರಕಾರ ಒಪ್ಪಿದ ಪಟ್ಟಿಯಲ್ಲಿವೆಯೇ, ಒಪ್ಪಿದ ಅಳತೆಯಲ್ಲಿವೆಯೇ ಎಂದು ಪ್ರಯೋಗಾಲಯ ಹೇಳುತ್ತದೆ. ಮುದ್ರೆ ಸಡಿಲಾದರೆ ಆ ಮಾತು ನಿಲ್ಲುವುದಿಲ್ಲ.

"ಬಣ್ಣ ಬ್ಯಾಡ ಅನ್ನೂದಿಲ್ರಿ ನಾವು. ಒಪ್ಪಿಗಿ ಇದ್ದದ್ದ ಹಾಕ್ರಿ, ಒಪ್ಪಿದಷ್ಟ ಹಾಕ್ರಿ ಅಂತೇವಿ. ಕೆಲವ್ರು ಬಾಟ್ಲಿಯೊಳಗ ಹೋಳಿ ಹುಣ್ಣಿವಿ ಮಾಡಿಬಿಡ್ತಾರ!" ಎನ್ನುತ್ತಾರೆ ಉಳಿವೆಪ್ಪ.

ಅವರ ಹೊಟ್ಟೆ ಉರಿಸುವವನು ಮಾಲತೇಶ. ವರ್ಷದ ಹಿಂದೆ ಇದೇ ದಿನಗೂಲಿ ಕೆಲಸಕ್ಕೆ ಬಂದವನು, ಮೂವತ್ತೆರಡರ ಪ್ರಾಯ. ಟ್ಯಾಬಿನಲ್ಲಿ ಫಾರಂ ತುಂಬುತ್ತಾನೆ, ಫೋಟೊ ತೆಗೆಯುತ್ತಾನೆ. ಅಧಿಕಾರಿ ಸುಧಾರಾಣಿ ಮೇಡಂಗೆ ಎಲ್ಲದಕ್ಕೂ ಅವನೇ ಬೇಕು. ಮೊನ್ನೆ ಪತ್ರಿಕೆಯ ಫೋಟೊದಲ್ಲಿ ಅವನ ಮುಖ ಪೂರ್ತಿ ಬಂದಿದೆ, ಉಳಿವೆಪ್ಪನವರದು ಮೊಣಕೈ ಮಾತ್ರ. "ನಮ್ಮ ಫಕ್ಕೀರವ್ವ ನೋಡಿ, 'ಮೊಣಕೈ ಭಾಳ ಚಲೋ ಬಂದೈತಿ' ಅಂದ್ಲರಿ." ಹೆಂಡತಿಯ ಮಾತಿಗೆ ನಗುತ್ತಾರೆ, ಆದರೆ ನಗು ಬೇಗ ಮುಗಿಯುತ್ತದೆ. ಮುಂದಿನ ತಿಂಗಳಿಂದ ಇಬ್ಬರಲ್ಲಿ ಒಬ್ಬರೇ ಸಾಕೆಂದು ಮೇಲಿನಿಂದ ಕಾಗದ ಬಂದಿದೆ.

ಮಾದರಿಯ ಬೆಲೆಯನ್ನು ಮಾಲೀಕನಿಗೆ ಕೊಟ್ಟು ರಸೀದಿ ಪಡೆಯುವುದು ನಿಯಮ. ನಾಲ್ಕು ಬಾಟಲಿಗೆ ಕಚೇರಿಯ ಎಂಬತ್ತು ರೂಪಾಯಿಯನ್ನು ಮಾಲತೇಶ ಎಣಿಸಿಕೊಡುತ್ತಾನೆ. ಬಂದೇಸಾಬರು ರಸೀದಿಗೆ ಸಹಿ ಹಾಕಿ, ನೋಟುಗಳನ್ನು ಮಾಲತೇಶನ ಕಿಸೆಗೇ ತಿರುಗಿ ತುರುಕುತ್ತಾರೆ. "ಬಾಗಿಲಿಗೆ ಬಂದವ್ರ ಕಡೆ ಶರಬತ್ತಿನ ರೊಕ್ಕ ತಗೊಂಡ್ರ ಮಂದಿ ನಗ್ತಾರ್ರಿ."

"ಸಹಿ ಆತಲ್ಲ, ಸಾಕ ಬಿಡ್ರಿ," ಎಂದು ಮಾಲತೇಶ ಫೋಟೊ ತೆಗೆಯಲು ಹೊರಗೆ ಹೋಗುತ್ತಾನೆ.

ಅಷ್ಟರಲ್ಲಿ ಮೂರು ಬಾಟಲಿಗೆ ಅರಗು ಬಿದ್ದಿದೆ. ಉಳಿವೆಪ್ಪ ಎಲ್ಲ ನೋಡಿದ್ದಾರೆ. ಮೇಡಂ ಗೋಡೆಯಾಚೆ ಬಣ್ಣದ ಡಬ್ಬಿಯ ಚೀಟಿ ಓದುತ್ತಿದ್ದಾರೆ. ಒಂದು ಕೂಗು ಹಾಕಿದರೆ ಮುಂದಿನ ತಿಂಗಳ ಪ್ರಶ್ನೆ ಇಲ್ಲೇ ಮುಗಿಯುತ್ತದೆ. ಆದರೆ ಪಡೆಯದ ದುಡ್ಡಿಗೆ ಸಹಿ ಹಾಕಿದವರು ಬಂದೇಸಾಬರು. ಮಾಲತೇಶನ ಜೊತೆ ಅವರೂ ಸಿಕ್ಕಿಬೀಳುತ್ತಾರೆ. ಉಳಿವೆಪ್ಪ ತಮ್ಮ ಒಳಕಿಸೆಯಿಂದ ಎಂಬತ್ತು ರೂಪಾಯಿ ತೆಗೆದು ಅವರ ಮುಂದೆ ಹಿಡಿಯುತ್ತಾರೆ.

"ತಗೋರಿ. ಇಲ್ಲಂದ್ರ ಈ ಬಾಟ್ಲಿಗೆ ನಾ ಅರಗ ಹಚ್ಚಂಗಿಲ್ಲ."

"ಏ ಉಳಿವೆಪ್ಪಣ್ಣ, ಇಷ್ಟಕ್ಕ ಅಷ್ಟ ಸಿಟ್ಟೇನ?"

"ಸಿಟ್ಟ ನಿಮ್ಮ ಮ್ಯಾಲ ಅಲ್ರಿ."

ಬಂದೇಸಾಬರು ನೋಟುಗಳನ್ನು ಇಸಿದುಕೊಂಡು ಅಂಗಿಯೊಳಗೆ ಇಳಿಸುತ್ತಾರೆ. ನಾಲ್ಕನೇ ಬಾಟಲಿಯ ಮೇಲೆ ಹನಿ ಬೀಳುತ್ತದೆ.

ಒಳಗೆ ಬಂದು ವಿಷಯ ತಿಳಿದ ಮಾಲತೇಶನ ಮುಖ ಸಣ್ಣದಾಗುತ್ತದೆ. "ನಿಮ್ಮ ರೊಕ್ಕ ಫೋನಿನ್ಯಾಗ ಹಾಕ್ಲೇನ ಕಾಕಾ?"

"ಬ್ಯಾಡ."

"ಕೈಯಾಗ ಕೊಡ್ಲಿ?"

"ಅದೂ ಬ್ಯಾಡ ತಮ್ಮಾ."

ಜೀಪು ಶಿಗ್ಗಾಂವದ ಕಡೆ ಹೊರಡುತ್ತದೆ. ಹಿಂದಿನ ಸೀಟಿನಲ್ಲಿ ನಾಲ್ಕೂ ಬಾಟಲಿಗಳನ್ನು ತೊಡೆಯ ಮೇಲಿಟ್ಟುಕೊಂಡ ಉಳಿವೆಪ್ಪ, ಮುಂದೆ ಕುಳಿತ ಮಾಲತೇಶನಿಗೆ ಕೇಳದಂತೆ ದನಿ ತಗ್ಗಿಸುತ್ತಾರೆ: "ಅವನ್ನ ಕಂಡ್ರ ಈಗೂ ಹೊಟ್ಟಿ ಉರೀತೈತ್ರಿ. ಕೆಲಸ ಅವಂಗ ಉಳದ್ರ ಉಳೀಲಿ. ನನ್ನ ಎಂಬತ್ತ ರೂಪಾಯಿ ಸಾಲ ಮಾತ್ರ ಅವನ ಮ್ಯಾಲ ಹಂಗ ಇರ್ಲಿ."